ಮಾತಿಗೆ ಮೊದಲ ಮಣೆ

ದೂರದ ಊರಿನವರೊಡನೆ ಟೆಲಿಫೋನಿನಲ್ಲಿ ಮಾತನಾಡಬೇಕೆಂದವನು ವಿನಿಮಯ ಕೇಂದ್ರದಲ್ಲಿ ಟ್ರಂಕ್ ಕಾಲ್ ಬರೆಸಿ, ಗಂಟೆ ಬಾರಿಸೀತೆಂದು ಗಂಟೆಗಟ್ಟಲೆ ಕಾದು ಕುಳಿತಿರಬೇಕಾಗಿದ್ದ ಕಾಲದಲ್ಲಿ, ಆ ಕಾಯುವಿಕೆಗೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ತಾರತಮ್ಯವಿದ್ದಿತು. ಹೆಚ್ಚು ಹಣ ತೆತ್ತವನ ಮಾತು ಉಳಿದವರದಕ್ಕಿಂತ ಮುಂದಾಗಿ ಸಾಗುತ್ತಿದ್ದಿತು. 1960ರಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ ಮೊದಲ ಎಸ್‌ಟಿಡಿ (ನೇರ ಡಯಲ್) ಸೌಕರ್ಯವೇರ್ಪಟ್ಟ ಮೇಲೆ ಈ ಶ್ರೇಣಿಗಳು ಒಂದೊಂದಾಗಿ ಅಪ್ರಸ್ತುತವಾದವು. ಆದರೆ ಆ ಹಳೆಯ ಪದ್ಧತಿಯಲ್ಲೊಂದು ಮಹತ್ತಾದ ಸೌಖ್ಯವಿದ್ದಿತೆಂಬುದನ್ನು ಮರೆಯಲಾಗದು: ಒಮ್ಮೆ ಸಂಪರ್ಕ ದೊರೆಯಿತೆಂದರೆ, ರಿಸೀವರನ್ನು ಕೆಳಗಿಡುವವರೆಗೆ ಆ ಮಾರ್ಗದಲ್ಲಿ ಮತ್ತಾರಿಗೂ ಪ್ರವೇಶವಿರಲಿಲ್ಲ. ಇಂಟರ್ನೆಟ್ಟಿನ ಮೂಲಕ ಸಾಗುವ ಮಾತಿಗೆ ಈ ಏಕಸ್ವಾಮ್ಯವಿಲ್ಲ. ಮನೆಮಂದಿಯ ಚಲನಚಿತ್ರ, ಛಾಯಾಚಿತ್ರ, ಪಾಠ, ವ್ಯಾಪಾರ ಎಲ್ಲವೂ ಸಂಚರಿಸುವ ದಾರಿಯಲ್ಲಿಯೇ ಅದೂ ನುಸುಳಿ ಹೋಗಬೇಕಾಗಿದೆ.

ಅಮೆರಿಕದಲ್ಲಿರುವ ಮಗಳೊಡನೆ ತಾಯಿ ಮಾತನಾಡುತ್ತಿದ್ದಾಳೆನ್ನೋಣ. ಮಗಳ ಧ್ವನಿ ಸ್ಫಟಿಕದಂತೆ ಕೇಳುತ್ತಿದೆ; ಆದರೆ ಮಗಳು ಮಾತ್ರ, “ಅಮ್ಮಾ, ನೀನು ಹೇಳಿದ್ದು ಅರ್ಧರ್ಧ ಕೇಳ್ತಿದೆ, ಇನ್ನೊಂದ್ಸಲ ಹೇಳು” ಎಂದು ಪದೇ ಪದೇ ಬೇಡುತ್ತಿದ್ದಾಳೆ. ಪಕ್ಕದ ಕೋಣೆಯಲ್ಲಿ ಯಾರದೋ ಮೊಬೈಲು, ಒಡೆಯನಿಗೂ ಅರಿವಿಲ್ಲದಂತೆ, ಮದುವೆಯ ವಿಡಿಯೋಗಳನ್ನೆಲ್ಲ ದೂರದ ಭಂಡಾರವೊಂದಕ್ಕೆ ಅಪ್‌ಲೋಡ್ ಮಾಡುತ್ತಿದೆ. ಇಂತಹ ಸಂದರ್ಭದಲ್ಲಿ ಬಹುಮಂದಿ ಮಾಡುವ ಕೆಲಸವೆಂದರೆ ಇನ್ನೂ ಹೆಚ್ಚಿನ ವೇಗದ, ಇನ್ನೂ ಹೆಚ್ಚಿನ ಬೆಲೆಯ ಪ್ಲಾನನ್ನು ಕೊಳ್ಳುವುದು. ನನ್ನ ಅಭಿಪ್ರಾಯದಲ್ಲಿ ಇದು ರೋಗವನ್ನರಿಯದೆ ಮದ್ದನ್ನು ಹೆಚ್ಚಿಸಿದಂತೆಯೇ ಸರಿ. ಏಕೆಂದರೆ ಮಾತಿಗೆ ಬೇಕಾದದ್ದು ವೈಶಾಲ್ಯವಲ್ಲ, ಕಾಲನಿಷ್ಠೆ.

ಇಂಟರ್ನೆಟ್ ಕರೆಯಲ್ಲಿ ನಮ್ಮ ಧ್ವನಿಯು ಸಾಮಾನ್ಯವಾಗಿ 20 ಮಿಲಿಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಲ್ಪಟ್ಟು, ಸೆಕೆಂಡಿಗೆ 50 ಪ್ಯಾಕೆಟ್ಟುಗಳಂತೆ ಹೊರಡುತ್ತದೆ. ಟೆಲಿಫೋನಿನ ಹಳೆಯ ಗುಣಮಟ್ಟವನ್ನೇ ಹಿಡಿದರೂ, ಪ್ರತಿಯೊಂದರಲ್ಲಿ 160 ಬೈಟು ಧ್ವನಿ, ಅದರ ಮೇಲೆ ವಿಳಾಸಾದಿಗಳ 40 ಬೈಟು. ಒಟ್ಟು ಸೆಕೆಂಡಿಗೆ 80 ಕಿಲೋಬಿಟ್ಟು. ಅಪ್‌ಲೋಡ್ ವೇಗ ಕೇವಲ 1 ಮೆಗಾಬಿಟ್ಟಾಗಿರುವ ಬಡ ಸಂಪರ್ಕದಲ್ಲಿಯೂ ಇದು ಹನ್ನೆರಡರಲ್ಲೊಂದು ಪಾಲನ್ನು ಮುಟ್ಟದು. ಆದರೆ ಈ ಅಲ್ಪ ಪ್ರಮಾಣದ ಸರಕು ತಡವಾಗಿ ತಲುಪಿದರೆ ವ್ಯರ್ಥ. ಬಾಯಿಂದ ಕಿವಿಗೆ ತಲುಪಲು 150 ಮಿಲಿಸೆಕೆಂಡುಗಳೊಳಗಾದರೆ ಸಂಭಾಷಣೆ ಸಹಜವಾಗಿರುತ್ತದೆಂದೂ, 400ನ್ನು ಮೀರಬಾರದೆಂದೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಶಿಫಾರಸು ಮಾಡಿದೆ. ಪ್ಯಾಕೆಟ್ಟುಗಳು ಹಿಂದುಮುಂದಾಗಿ ಬಂದರೆ ಸರಿದೂಗಿಸಲು ಕೇಳುವವನ ಕಡೆಯ ಯಂತ್ರ ತುಸು ಕಾಲ ಕಾದಿರುತ್ತದೆ. ಆ ಅವಧಿ ಮುಗಿದ ಮೇಲೆ ಬಂದ ಅಕ್ಷರ ಬಾರದ ಅಕ್ಷರಕ್ಕೆ ಸಮಾನ.

ಈ ಸೂಕ್ಷ್ಮವು ಇಂಟರ್ನೆಟ್ಟಿನ ಶೈಶವದಲ್ಲಿಯೇ ಗೋಚರಿಸಿದ್ದಿತು. ಡ್ಯಾನಿ ಕೋಹೆನ್ ಮತ್ತು ಸಂಗಡಿಗರು 1974ರಲ್ಲಿಯೇ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಧ್ವನಿಯನ್ನು ಪ್ಯಾಕೆಟ್ಟುಗಳಾಗಿ ಕಳುಹಿಸಿ ನೋಡಿದರು. ಕಳೆದುಹೋದುದನ್ನು ಮತ್ತೆ ಮತ್ತೆ ಕಳುಹಿಸಿಯಾದರೂ ತಲುಪಿಸಿಯೇ ತೀರುವ ಟಿಸಿಪಿ ಎಂಬ ನಿಯಮಾವಳಿಯ ಛಲವು ಕಡತಗಳಿಗೆ ವರವಾದರೂ ಮಾತಿಗೆ ಶಾಪವೆಂಬುದು ಅವರ ಅನುಭವ. ಆ ವಾದಕ್ಕೆ ಮನ್ನಣೆ ದೊರೆತು, 1978ರಲ್ಲಿ ಟಿಸಿಪಿಯಿಂದ, ಪ್ಯಾಕೆಟ್ಟುಗಳನ್ನು ವಿಳಾಸದತ್ತ ಸಾಗಿಸುವುದಷ್ಟೇ ಕೆಲಸವಾದ ಐಪಿ ಬೇರ್ಪಟ್ಟಿತು. ಮತ್ತೆ ಕಳುಹಿಸುವ ಗೋಜಿಲ್ಲದ ಯುಡಿಪಿ 1980ರಲ್ಲಿ ವಿಧಿಬದ್ಧವಾಯಿತು. ಇಂದಿಗೂ ನಮ್ಮ ಕರೆಗಳ ಬಹುಪಾಲು ಸಾಗುವುದು ಇದರ ಮೇಲೆಯೇ.

ಹಾಗಾದರೆ ತಾಯಿಯ ಮಾತು ತಡವಾದದ್ದೆಲ್ಲಿ? ಮನೆಯಿಂದ ಹೊರಹೋಗುವ ಕಿರುದಾರಿಯ ಬಾಗಿಲಲ್ಲಿ. ಅಪ್‌ಲೋಡಿನಂತಹ ಟಿಸಿಪಿ ಪ್ರವಾಹವು, ಎಲ್ಲಿಯಾದರೂ ಒಂದು ಪ್ಯಾಕೆಟ್ಟು ಬಿದ್ದುಹೋಗುವವರೆಗೆ ತನ್ನ ಗತಿಯನ್ನು ಏರಿಸುತ್ತಲೇ ಹೋಗುವ ಸ್ವಭಾವದ್ದು. ಹೊರಹೋಗಲಾರದ್ದು ಮೋಡೆಮ್ಮಿನ ಬಫರಿನಲ್ಲಿ ರಾಶಿಯಾಗುತ್ತದೆ. 256 ಕಿಲೋಬೈಟುಗಳ ಬಫರ್ ತುಂಬಿದೆಯೆಂದರೆ, 1 ಮೆಗಾಬಿಟ್ಟಿನ ದಾರಿಯಲ್ಲಿ ಅದು ಬರಿದಾಗಲು ಎರಡು ಸೆಕೆಂಡುಗಳಿಗೂ ಮಿಕ್ಕಿದ ಕಾಲ ಬೇಕು. ಸರಕಿನ ಗಾಡಿಗಳು ಸೇತುವೆಯ ಉದ್ದಕ್ಕೂ ನಿಂತಿರಲು, ಒಂದೇ ಒಂದು ಪತ್ರವನ್ನು ಹೊತ್ತ ಅಂಚೆಯ ಓಟಗಾರನೂ ಅವುಗಳ ಬೆನ್ನಿಗೆ ನಿಲ್ಲಬೇಕಾದ ಪರಿಸ್ಥಿತಿ ಇದು. ಕೊನೆಯಿಲ್ಲದಷ್ಟು ದೊಡ್ಡ ಗೋದಾಮಿದ್ದರೂ ದಟ್ಟಣೆ ತಪ್ಪದೆಂಬುದನ್ನು ಜಾನ್ ನೇಗಲ್ 1985ರಲ್ಲಿಯೇ ತೋರಿಸಿಕೊಟ್ಟಿದ್ದರೂ, ಮೆಮೊರಿಯ ಬೆಲೆ ಇಳಿದಂತೆಲ್ಲ ತಯಾರಕರು ಬಫರುಗಳನ್ನು ಉಬ್ಬಿಸುತ್ತಲೇ ಬಂದರು. ಜಿಮ್ ಗೆಟಿಸ್ ಅವರು ಈ ವ್ಯಾಧಿಯ ಜಾಡನ್ನು ತಮ್ಮ ಮನೆಯ ಸಂಪರ್ಕದಲ್ಲಿಯೇ ಹಿಡಿದು, ಅದಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು.

ಪರಿಹಾರದ ವಿಷಯದಲ್ಲಿ ಒಂದು ತಪ್ಪು ಬಹು ಸಾಮಾನ್ಯ. ರೌಟರಿನ ಸೆಟ್ಟಿಂಗಿನಲ್ಲಿ ‘ಕ್ಯೂಒಎಸ್’ ಎಂಬುದನ್ನು ಒತ್ತಿ, ಧ್ವನಿಗೆ ಅಗ್ರಸ್ಥಾನ ಕೊಟ್ಟೆವೆಂದು ನೆಮ್ಮದಿಯಾಗಿರುವುದು. ಪ್ಯಾಕೆಟ್ಟಿನ ನೆತ್ತಿಯ ಮೇಲೆ ‘ತುರ್ತು’ ಎಂಬ ಮುದ್ರೆಯನ್ನೊತ್ತುವ ವ್ಯವಸ್ಥೆ ಇದೆ, ಧ್ವನಿಗೆ ಸಲ್ಲುವ ಅಂಕ 46. ಆದರೆ ಸರದಿಯು ರೌಟರಿನಲ್ಲಿಲ್ಲದೆ, ಅದರಾಚೆಯ ಮೋಡೆಮ್ಮಿನಲ್ಲಿ ಬೆಳೆಯುತ್ತಿರುವಾಗ, ಆ ಮುದ್ರೆಯನ್ನು ಓದುವವರಾರು? ಆದುದರಿಂದ ಮೊದಲು ಸರದಿಯನ್ನು ನಮ್ಮ ಅಧೀನಕ್ಕೆ ತಂದುಕೊಳ್ಳಬೇಕು. ಮನೆಯಲ್ಲಿ ಬೇರೆ ಬಳಕೆಯಿಲ್ಲದ ಹೊತ್ತಿನಲ್ಲಿ ನಿಜವಾದ ಅಪ್‌ಲೋಡ್ ವೇಗವನ್ನು ಅಳೆದು, ಅದರ ಶೇಕಡಾ 90ರಷ್ಟನ್ನೇ ರೌಟರಿಗೆ ಮಿತಿಯಾಗಿ ವಿಧಿಸಿದರೆ, ಮೋಡೆಮ್ಮು ಸದಾ ಬರಿದಾಗಿದ್ದು, ಕಾಯಬೇಕಾದುದೆಲ್ಲ ರೌಟರಿನಲ್ಲಿಯೇ ಕಾಯುತ್ತದೆ. ಅಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬ ತೀರ್ಮಾನ ನಮ್ಮದಾಗುತ್ತದೆ. ವೇಗದ ಹತ್ತರಲ್ಲೊಂದು ಪಾಲನ್ನು ಬಿಟ್ಟುಕೊಡುವುದಕ್ಕೆ ಮನಸ್ಸು ಒಪ್ಪದಿರಬಹುದು. ಆದರೆ ಅದಿಲ್ಲದೆ ನಡೆಯದು.

ಇನ್ನು ಧ್ವನಿಯನ್ನು ಗುರುತಿಸುವ ಬಗೆ. ಗೂಢಲಿಪಿಯಲ್ಲಿ ಸಾಗುವ ಇಂದಿನ ಕರೆಗಳಿಗೆ ನಿಯಮಗಳನ್ನು ಒಂದೊಂದಾಗಿ ಬರೆಯುವುದು ಕಷ್ಟಸಾಧ್ಯ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದ ‘ಕೋಡೆಲ್’ ಕ್ರಮವೂ, ಅದರಿಂದ ಬೆಳೆದ ‘ಎಫ್‌ಕ್ಯೂ-ಕೋಡೆಲ್’, ‘ಕೇಕ್’ಗಳೂ ಹಿಡಿದ ದಾರಿ ಬೇರೆ. ಸಾಲಿನಲ್ಲಿ ಬಹುಕಾಲ ನಿಂತುದನ್ನು ಕೋಡೆಲ್ ಬೀಳಿಸುತ್ತದೆ. ಇದರಿಂದ ಅಪ್‌ಲೋಡು ತಾನಾಗಿಯೇ ತಗ್ಗುತ್ತದೆ. ಎಫ್‌ಕ್ಯೂ-ಕೋಡೆಲ್ ಪ್ರತಿಯೊಂದು ಪ್ರವಾಹಕ್ಕೂ ಪ್ರತ್ಯೇಕ ಸಾಲನ್ನು ಕಲ್ಪಿಸಿ, ಆಗೊಮ್ಮೆ ಈಗೊಮ್ಮೆ ಬರುವ ಕಿರುಪ್ಯಾಕೆಟ್ಟುಗಳನ್ನು ಹೆಸರು ಕೇಳದೆಯೇ ಮುಂದೆ ಬಿಡುತ್ತದೆ. ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶವಿರುವ ರೌಟರುಗಳಲ್ಲಿ ಇದು ‘ಎಸ್‌ಕ್ಯೂಎಂ’ ಎಂಬ ಹೆಸರಿನಲ್ಲಿ ಲಭ್ಯ. ಹೊಸದಾಗಿ ರೌಟರ್ ಕೊಳ್ಳುವವರಿಗೆ, ಡಬ್ಬಿಯ ಮೇಲಿನ ಗಿಗಾಬಿಟ್ಟುಗಳಿಗಿಂತ ಈ ಮೂರಕ್ಷರಗಳನ್ನು ಹುಡುಕಿರೆಂದೇ ನಾನು ಹೇಳುವೆನು.

ಸೇವಾದಾತರು ಗ್ರಾಹಕರ ಸಂಚಾರದಲ್ಲಿ ತಾರತಮ್ಯವೆಸಗಲಾಗದೆಂಬ ತತ್ತ್ವವನ್ನು ಕೇಂದ್ರ ಸರ್ಕಾರ 2018ರಲ್ಲಿ ಅಂಗೀಕರಿಸಿತಷ್ಟೆ. ಮನೆಯ ಯಜಮಾನ ತನ್ನ ರೌಟರಿನಲ್ಲಿ ತೋರುವ ಪಕ್ಷಪಾತಕ್ಕೆ ಅದು ಅಡ್ಡಿಯಲ್ಲ. ಆದರೆ ಅವನ ಅಧಿಕಾರ ಸಂಪೂರ್ಣವಾಗಿ ಸಲ್ಲುವುದು ಹೊರಹೋಗುವುದರ ಮೇಲೆ ಮಾತ್ರ. ಒಳಬರುವುದನ್ನು ಬಂದ ಮೇಲೆ ತಡೆದು, ಕಳುಹಿಸುವವನು ತಾನಾಗಿ ನಿಧಾನಿಸುವಂತೆ ಮಾಡಬಹುದಷ್ಟೇ ಹೊರತು ಬೇರೆ ಉಪಾಯವಿಲ್ಲ. ದಪ್ಪ ಗೋಡೆಗಳಾಚೆ ಕ್ಷೀಣಿಸಿದ ವೈಫೈಗೂ ಇದು ಔಷಧವಲ್ಲ. ಅಲ್ಲಿ ತಂತಿಯನ್ನೆಳೆಯುವುದೇ ಮೇಲು. ದೋಷವೆಲ್ಲಿದೆಯೆಂದು ತಿಳಿಯಲು ಕಂಪ್ಯೂಟರಿನಿಂದ ಹೊರಗಿನ ವಿಳಾಸವೊಂದಕ್ಕೆ ‘ಪಿಂಗ್’ ಕಳುಹಿಸಿ ಉತ್ತರ ಬರಲು ಹಿಡಿಯುವ ಕಾಲವನ್ನು ಗಮನಿಸುತ್ತಿದ್ದು, ನಡುವೆ ದೊಡ್ಡದೊಂದು ಕಡತವನ್ನು ಅಪ್‌ಲೋಡಿಗಿಟ್ಟು ನೋಡಬೇಕು: 30ರ ಆಸುಪಾಸಿನಲ್ಲಿದ್ದ ಮಿಲಿಸೆಕೆಂಡುಗಳು ಒಮ್ಮೆಲೇ ಸಾವಿರವನ್ನು ಮುಟ್ಟಿದರೆ ತೊಡಕಿರುವುದು ಸರದಿಯಲ್ಲಿ, ಅಪ್‌ಲೋಡಿಲ್ಲದಾಗಲೂ ಅವು ಏರಿಳಿಯುತ್ತಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ವೈಫೈಯನ್ನು.