ಬಾಳಪ್ಪನ ಹೆಸರು ಪಟ್ಟಿಯಲ್ಲಿ ಎಲ್ಲಿ?

ಕೊಲ್ಹಾಪುರದಿಂದ ತೆಂಕಕ್ಕೆ ಹೊರಟ ಬಸ್ಸು ಕಾಗಲ ದಾಟಿದ ಮೇಲೆ ಅಂಗಡಿಗಳ ಹಲಗೆಗಳಲ್ಲಿ ಕನ್ನಡ ಕಾಣತೊಡಗುತ್ತದೆ. ಸಂಕೇಶ್ವರದಲ್ಲಿ ಪಡುವಣಕ್ಕೆ ಹೊರಳಿ ಗಡಹಿಂಗ್ಲಜ ಸೇರುವಾಗ ಪುನಃ ಮರಾಠಿ. ಹಲಗೆ ಬದಲಾದರೂ ಬಸ್ಸಿನೊಳಗೆ ಎರಡೂ ಮಾತು ಕೇಳುತ್ತಿರುತ್ತವೆ. ತಲಪಾಡಿಯಲ್ಲಿ ಗಡಿ ದಾಟಿ ರೂಢಿಯಿರುವ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ ಜಿಲ್ಲೆಯ ಇಚಲಕರಂಜಿ ನೇಯ್ಗೆಯ ಊರು. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಪವರ್‌ಲೂಮ್ ಹೂಡಿದರು. ಮಗ್ಗದಲ್ಲಿ ಬಟ್ಟೆಯೊಳಗೇ ಚಿತ್ತಾರ ಮೂಡಿಸುವುದಕ್ಕೆ ಜಕಾರ್ಡ್ ಎಂಬ ಪದ್ಧತಿಯೊಂದಿದೆ. 1804ರಲ್ಲಿ ಫ್ರಾನ್ಸಿನ ಲಿಯೋನಿನಲ್ಲಿ ಹುಟ್ಟಿದ್ದು. ಚಿತ್ತಾರವನ್ನು ಚೌಕಳಿ ಕಾಗದದಲ್ಲಿ ಒಮ್ಮೆ ಬರೆದು, ಅದರಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುತ್ತಾರೆ. ಯಾವ ಎಳೆ ಏಳಬೇಕು, ಯಾವುದು ಮಲಗಿರಬೇಕು ಎಂಬುದನ್ನು ಆ ತೂತುಗಳೇ ಹೇಳುತ್ತವೆ. ನೇಕಾರನು ಎಳೆ ಎಣಿಸುತ್ತ ಕೂರಬೇಕಾಗಿಲ್ಲ.

ಗಣಕಯಂತ್ರಕ್ಕೆ ಕೆಲಸ ಹೇಳುವವರೂ ಇಂಥದೇ ಉಪಾಯ ಮಾಡಿಕೊಂಡಿದ್ದಾರೆ. ಮಗ್ಗದ ಮನೆಯೊಂದರ ಕೂಲಿಕಾರರ ಪಟ್ಟಿಯೆಂದು ಇಟ್ಟುಕೊಳ್ಳೋಣ. ಹೆಸರು, ಊರು, ಮನೆಮಾತು, ಮಗ್ಗದ ನಂಬ್ರ, ಹೀಗೆ ನಾಲ್ಕು ಕಲಂ. ಈ ಪಟ್ಟಿಯನ್ನು ಅಚ್ಚು ಹಾಕಬೇಕು, ಓದಿಕೊಳ್ಳಬೇಕು, ಇಬ್ಬರು ಒಬ್ಬರೇ ಹೌದೋ ಎಂದು ನೋಡಬೇಕು, ಅಕಾರಾದಿಯಾಗಿ ಜೋಡಿಸಬೇಕು. ಒಂದೊಂದಕ್ಕೂ ಬೇರೆ ಬೇರೆ ಕೋಡ್ ಕೈಯಿಂದ ಬರೆದರೆ, ನಾಳೆ ಐದನೆಯ ಕಲಂ ಸೇರಿದಾಗ ನಾಲ್ಕು ಕಡೆ ತಿದ್ದಬೇಕು. ಒಂದು ಕಡೆ ಮರೆತೇ ಮರೆಯುತ್ತದೆ.

ಕೆಲಸವನ್ನು ಗಣಿತದ ಸೂತ್ರದಂತೆ ಬರೆಯುವ ಪದ್ಧತಿಗೆ ಫಂಕ್ಷನಲ್ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಈ ಪಂಗಡದ ಹಾಸ್ಕೆಲ್ ಭಾಷೆ ಹೊರಬಂದುದು 1990ರಲ್ಲಿ. ಅಮೇರಿಕದ ತರ್ಕಶಾಸ್ತ್ರಜ್ಞ ಹಾಸ್ಕೆಲ್ ಕರಿಯವರ ಹೆಸರು ಅದಕ್ಕೆ. ಅದರಲ್ಲಿ ಪಟ್ಟಿಯ ರೂಪವನ್ನು, ಅಂದರೆ ಟೈಪನ್ನು, ಒಮ್ಮೆ ಬರೆದು ಕೊನೆಗೆ 'ಡಿರೈವಿಂಗ್' ಎಂಬೊಂದು ಶಬ್ದ ಸೇರಿಸಿ, ಬೇಕಾದ ಕೆಲಸಗಳ ಹೆಸರು ಹೇಳಿದರೆ ಸಾಕು. ಮೇಲಿನ ನಾಲ್ಕು ಕೆಲಸಗಳ ಕೋಡನ್ನೂ ಯಂತ್ರವೇ ಹೆಣೆದುಕೊಳ್ಳುತ್ತದೆ. ಕಲಂ ಹೆಚ್ಚಿದರೆ ತಾನೇ ಪುನಃ ಹೆಣೆಯುತ್ತದೆ. 2002ರಲ್ಲಿ ಟಿಮ್ ಶೆರ್ಡ್ ಮತ್ತು ಸೈಮನ್ ಪೇಟನ್ ಜೋನ್ಸ್ ಎಂಬವರು, ಇಂಥ ಹೆಣೆಯುವ ವಿಧಾನವನ್ನೇ ನಾವು ಹೊಸದಾಗಿ ಬರೆದುಕೊಳ್ಳುವ ದಾರಿಯನ್ನೂ ತೋರಿಸಿದರು.

ಯಂತ್ರ ಮಾಡುವುದು ಇಷ್ಟೇ. ಇಬ್ಬರನ್ನು ಹೋಲಿಸಬೇಕಾದರೆ ಮೊದಲ ಕಲಂ ನೋಡುತ್ತದೆ. ಅದು ಸಮವಾದರೆ ಎರಡನೆಯದು, ಹೀಗೆ ಕೊನೆಯ ತನಕ. ಪ್ರತಿ ಕಲಮಿನಲ್ಲೂ ಆ ಕಲಮಿನದೇ ನಿಯಮವನ್ನು ಕೇಳುತ್ತದೆ. ಮನೆಮಾತು ಕನ್ನಡ, ಮರಾಠಿ, ಮಲಯಾಳ, ತುಳು ಇವುಗಳಲ್ಲೊಂದು ಎಂದು ಬರೆದಿದ್ದರೆ, ಬರೆದ ಕ್ರಮವೇ ಕ್ರಮ. ಕನ್ನಡವನ್ನು ಮೊದಲು ಬರೆದವನಿಗೆ ಕನ್ನಡವೇ ಮೊದಲು, ತಕರಾರಿಲ್ಲ! ಆದರೆ ಆ ನಾಲ್ಕು ಹೆಸರುಗಳು ದೊಡ್ಡಕ್ಷರದಿಂದಲೇ ಆರಂಭವಾಗಬೇಕೆಂದು ಹಾಸ್ಕೆಲಿನ ಕಟ್ಟಳೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೆಂಬುದೇ ಇಲ್ಲವಾದ್ದರಿಂದ ಇಂಗ್ಲಿಷಿನ ಮೊರೆ ಹೋಗಬೇಕಾಗುತ್ತದೆ.

ತೊಡಕು ಅದಲ್ಲ, ಹೆಸರಿನ ಕಲಮಿನಲ್ಲಿದೆ. ಬಾಹುಬಲಿ, ಬಾಳಪ್ಪ ಎಂಬ ಇಬ್ಬರು ಪಟ್ಟಿಯಲ್ಲಿದ್ದಾರೆನ್ನೋಣ; ಆ ಕಡೆ ಎರಡೂ ಬಳಕೆಯ ಹೆಸರುಗಳು. ಶಾಲೆಯಲ್ಲಿ ಕಲಿತಂತೆ ಹಕಾರದ ನಂತರ ಳಕಾರ. ಬಾಹುಬಲಿ ಮೊದಲು, ಬಾಳಪ್ಪ ಆಮೇಲೆ. ಯಂತ್ರಕ್ಕೆ ಅಕ್ಷರವೆಂದರೆ ಸಂಖ್ಯೆ. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚು ಇರಲೆಂದು ಮಾಡಿದ ಏರ್ಪಾಡಿನಲ್ಲಿ ಳಕಾರವು ಲಕಾರದ ಮಗ್ಗುಲಲ್ಲಿ ಕೂತಿದೆ: ಲ 3250, ಳ 3251, ಹ 3257. ಆದುದರಿಂದ ಬಾಳಪ್ಪ ಮೇಲೇರಿ ಬಾಹುಬಲಿ ಕೆಳಗಿಳಿಯುತ್ತಾನೆ. ಅಚ್ಚು ಹಾಕುವ ಕೆಲಸವನ್ನೂ ಡಿರೈವಿಂಗ್‌ಗೇ ಬಿಟ್ಟರೆ ಬಾಳಪ್ಪನ ಹೆಸರು ಕಾಗದದ ಮೇಲೆ 3244, 3262, 3251, 3242, 3277, 3242 ಎಂದು ಓರೆಗೆರೆಗಳ ನಡುವೆ ಮೂಡುತ್ತದೆ. ಯಂತ್ರ ಸುಳ್ಳು ಹೇಳಿದ್ದಲ್ಲ. ತನಗೆ ಕಂಡದ್ದನ್ನು ಹೇಳಿದೆ.

ಪಟ್ಟಿಯಲ್ಲಿ ಹೆಸರು ಹುಡುಕುವ ಕಷ್ಟ ನಮ್ಮ ಮನೆಗಳ ಹಿರಿಯರಿಗೆ ಚೆನ್ನಾಗಿ ಗೊತ್ತು. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಮತ್ತಾವುದೋ ಹೆಸರಾಗಿ ಮರಳುತ್ತದೆ. ಎಂಟು ನೂರು ಹೆಸರುಗಳ ಪಟ್ಟಿಯಲ್ಲಿ ಬಾಹುಬಲಿಯ ಕೆಳಗೆ ಕಣ್ಣಾಡಿಸಿ, ಬಾಳಪ್ಪ ಸಿಗದೆ, ತನ್ನ ಹೆಸರೇ ಬಿಟ್ಟುಹೋಗಿದೆಯೆಂದು ಹಿಂತಿರುಗುವವನಿಗೆ ಲಿಪಿಯ ಅಚ್ಚು, ಸಂಖ್ಯೆ ಯಾವುದೂ ತಿಳಿಯದು. ಅಂದಿನ ಕೂಲಿ ಕಳೆದುಕೊಂಡು ಬಂದಿರುತ್ತಾನೆ, ಅಷ್ಟೆ.

ಇದಕ್ಕೆ ಪರಿಹಾರವೂ ಅದೇ ಪದ್ಧತಿಯೊಳಗಿದೆ, ದೊಡ್ಡ ಖರ್ಚಿನದಲ್ಲ. ಹೆಸರನ್ನು ಬರಿಯ ಅಕ್ಷರಗಳ ಸಾಲೆಂದು ಬಿಡದೆ ಬೇರೆಯೇ ಒಂದು ಟೈಪೆಂದು ಬರೆಯಬೇಕು. ಅದರ ಅಕಾರಾದಿ ನಿಯಮವನ್ನೂ ಅಚ್ಚಿನ ನಿಯಮವನ್ನೂ ಕೈಯಿಂದ ಬರೆಯಬೇಕು. ಉಳಿದುದನ್ನು ಮೊದಲಿನಂತೆ ಡಿರೈವಿಂಗ್‌ಗೆ ಬಿಡಬಹುದು. ಹೆಸರಿನ ಸರದಿ ಬಂದಾಗ ಯಂತ್ರವು ಈ ಹೊಸ ನಿಯಮವನ್ನೇ ಕೇಳುತ್ತದೆ. ಶಾಲೆಯ ಹಾಜರಿ ಪಟ್ಟಿಯಾಗಲಿ ಸಹಕಾರ ಸಂಘದ ಸದಸ್ಯರ ಪಟ್ಟಿಯಾಗಲಿ, ಆ ಟೈಪನ್ನು ಬಳಸಿದಲ್ಲೆಲ್ಲ ಬಾಳಪ್ಪ ತನ್ನ ಜಾಗದಲ್ಲಿರುತ್ತಾನೆ.

ಮರಾಠಿಯಲ್ಲೂ ಳಕಾರ ಬರುವುದು ಹಕಾರದ ನಂತರವೇ. ಕನ್ನಡಕ್ಕೆ ಬರೆದ ನಿಯಮದ ಸಂಖ್ಯೆಗಳಿಂದ 896 ಕಳೆದರೆ ಗಡಹಿಂಗ್ಲಜದ ಮರಾಠಿ ಪಟ್ಟಿಗೂ ಳಕಾರದ ಜಾಗ ಸರಿಯಾಗುತ್ತದೆ. ನಮ್ಮ ಜಿಲ್ಲೆಯ ಮಲಯಾಳ ಪಟ್ಟಿಗಾದರೆ 128 ಕೂಡಿಸಬೇಕು. ಅಲ್ಲಿ ಳಕಾರದ ಬೆನ್ನಿಗೆ ೞ, ಱ ಇನ್ನೂ ಇರುವುದರಿಂದ ಅವೆರಡಕ್ಕೂ ಒಂದೊಂದು ಸಾಲು ಹೆಚ್ಚು ಬರೆಯಬೇಕಾದೀತು.