ಗುಡ್ಡ-ಕೆರೆಗಳ ನಡುವೆ ಮನೆ ಮಾಡುವವರಿಗೆ

ನೌಕರಿಯಿಂದ ನಿವೃತ್ತರಾಗಿ, ಮಕ್ಕಳ ಲಗ್ನಕಾರ್ಯಗಳನ್ನು ತೀರಿಸಿ, ಹೆಗಲ ಮೇಲಿನ ಭಾರವನ್ನು ಅಷ್ಟಿಷ್ಟು ಇಳಿಸಿಕೊಂಡ ಗೃಹಸ್ಥರ ಮನಸ್ಸಿನಲ್ಲಿ ಒಂದು ಆಶೆಯು ತಲೆಯೆತ್ತುವದುಂಟು. ಉಳಿದ ಆಯುಷ್ಯವನ್ನು ಗದ್ದಲವಿಲ್ಲದ ಒಂದು ಸಣ್ಣ ಪಟ್ಟಣದಲ್ಲಿ, ಗುಡ್ಡದ ಮಗ್ಗುಲಲ್ಲಿ, ಕೆರೆಯ ದಂಡೆಯಲ್ಲಿ ಕಳೆಯಬೇಕೆಂಬದೇ ಆ ಆಶೆ. ನಮ್ಮ ಹುನ್ನೂರಿನಂಥ ಊರುಗಳಲ್ಲಿ ಇದು ತುಸು ಹೆಚ್ಚೆಂದೇ ಹೇಳಬೇಕು. ಕೃಷ್ಣೆ-ಘಟಪ್ರಭೆಗಳ ನಡುವಿನ ಎರೆಯ ಸೀಮೆ ನಮ್ಮದು. ಅನ್ನಕ್ಕೆ ಕೊರತೆಯಿಲ್ಲ, ಆದರೆ ಕಣ್ಣು ಹಾಯಿಸಿದತ್ತ ಕಬ್ಬಿನ ಪಡವಲ್ಲದೆ ಬೇರೊಂದು ನೋಟ ದೊರೆಯುವದು ಕಷ್ಟ. ಬಯಲಿನವನಿಗೆ ಗುಡ್ಡದ ಹಂಬಲ ಸಹಜವೇ ಸರಿ.

ನಾವೂ ಈ ಆಶೆಗೆ ಒಳಗಾದವರೇ. ಶಾಲೆಯ ಕೆಲಸ ಮುಗಿದ ಮೇಲೆ ಹುನ್ನೂರಿನ ಮನೆಯನ್ನು ತಮ್ಮನ ಸ್ವಾಧೀನಕ್ಕೆ ಒಪ್ಪಿಸಿ, ನಮ್ಮದೇ ಜಿಲ್ಲೆಯ ಬಾದಾಮಿಗೆ ಬಂದು ಬಾಡಿಗೆಯ ಮನೆ ಹಿಡಿದು ಮೂರು ವರ್ಷಗಳಾದವು. ಅಂದಿನಿಂದ ಬಂಧುಗಳೂ ಹಳೆಯ ಶಿಷ್ಯರ ತಂದೆತಾಯಿಗಳೂ ಕಂಡಲ್ಲೆಲ್ಲ ಕೇಳುವ ಪ್ರಶ್ನೆ ಒಂದೇ: "ಮಾಸ್ತರ್ರ, ನಾವೂ ಬರಬಹುದೇನ್ರಿ?" ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳುವದಕ್ಕಿಂತ, ವಿಚಾರವನ್ನೆಲ್ಲ ಒಂದೆಡೆಗೆ ಬರೆದಿಡುವದು ಲೇಸೆಂದು ತೋರಿತು.

ಚಾಣಕ್ಯನ ಹೆಸರಿನಲ್ಲಿ ರೂಢಿಯಲ್ಲಿರುವ ನೀತಿಸಂಗ್ರಹದಲ್ಲಿ ವಾಸಯೋಗ್ಯವಾದ ಊರಿಗೆ ಐದು ಲಕ್ಷಣಗಳನ್ನು ಎಣಿಸಲಾಗಿದೆ: ಧನವುಳ್ಳವನು, ವೇದಜ್ಞನು, ಅರಸನು, ನದಿ, ಐದನೆಯವನು ವೈದ್ಯನು. ಇವಿಲ್ಲದ ಊರಿನಲ್ಲಿ ಒಂದು ದಿನವೂ ನಿಲ್ಲಬೇಡವೆಂದು ಪ್ರಾಚೀನರ ಕಟ್ಟಪ್ಪಣೆ. ಈ ಐವರಲ್ಲಿ ಗುಡ್ಡಕ್ಕೂ ಚೆಲುವಿಗೂ ಸ್ಥಾನವಿಲ್ಲವೆಂಬದನ್ನು ವಾಚಕರು ಲಕ್ಷಿಸಬೇಕು. ಬಾದಾಮಿಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವಾ.

ಮೊದಲನೆಯದು ಧನದ ವಿಚಾರ. ೨೦೧೧ರ ಜನಗಣತಿಯಲ್ಲಿ ಬಾದಾಮಿಯ ಜನಸಂಖ್ಯೆ ಸುಮಾರು ೩೧,೦೦೦. ತಾಲೂಕಿನ ಮುಖ್ಯಸ್ಥಳವಾದ್ದರಿಂದ ಬ್ಯಾಂಕು, ಅಂಚೆ, ಕಚೇರಿ, ಪೇಟೆಗಳಿಗೆ ಕೊರತೆಯಿಲ್ಲ. ಪೆನ್ಶನ್ ಪಡೆಯುವವರಿಗೆ ಅಡಚಣೆಯಿಲ್ಲ. ಆದರೆ ದುಡಿಯುವ ವಯಸ್ಸಿನ ಮಗನನ್ನು ಜೊತೆಗೆ ಕರೆತರುವವರು ಎರಡು ಸಲ ಯೋಚಿಸಬೇಕು. ಒಕ್ಕಲುತನ, ಸಣ್ಣ ವ್ಯಾಪಾರ, ಯಾತ್ರಿಕರ ಸೇವೆ, ನೆರೆಯ ಗುಳೇದಗುಡ್ಡದ ಖಣದ ನೇಯ್ಗೆ ಇವುಗಳ ಹೊರತು ಇಲ್ಲಿ ಹೇಳಿಕೊಳ್ಳುವಂಥ ಉದ್ಯೋಗಗಳು ಕಡಿಮೆ. ಯಾತ್ರಿಕರೂ ಚಳಿಗಾಲದ ಹಕ್ಕಿಗಳಂತೆ ಕೆಲವು ತಿಂಗಳು ಮಾತ್ರ ಮುತ್ತಿ ಮಾಯವಾಗುವವರು.

ಎರಡನೆಯದು ವಿದ್ಯೆ. ಈ ವಿಷಯದಲ್ಲಿ ಬಾದಾಮಿಗೆ ಸರಿಗಟ್ಟುವ ಊರುಗಳು ವಿರಳ. ಶಕವರ್ಷ ೪೬೫ರಲ್ಲಿ, ಎಂದರೆ ಕ್ರಿ. ಶ. ೫೪೩ರಲ್ಲಿ, ಮೊದಲನೆಯ ಪುಲಕೇಶಿಯು ವಾತಾಪಿಯ ಗುಡ್ಡವನ್ನು ದುರ್ಗವನ್ನಾಗಿ ಮಾಡಿದನೆಂದು ಇಲ್ಲಿಯ ಬಂಡೆಯ ಶಾಸನವೇ ಹೇಳುತ್ತದೆ. ದಕ್ಷಿಣದ ಗುಡ್ಡದಲ್ಲಿ ಕೊರೆದ ನಾಲ್ಕು ಗುಹೆಗಳಲ್ಲಿ ಮೂರನೆಯದು, ಮಂಗಲೇಶನು ಮಾಡಿಸಿದ ವಿಷ್ಣುಗೃಹವು, ೫೭೮ನೆಯ ಇಸವಿಯದು. ಅಲ್ಲಿಯ ಕನ್ನಡ ಶಾಸನದಲ್ಲಿ ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೂ ದತ್ತಿ ಬಿಟ್ಟ ಮಾತಿದೆ. ಆ ಗುಡಿಯನ್ನು ಅಲ್ಲಿ 'ಕಲ್ಮನೆ'ಯೆಂದು ಕರೆದಿದ್ದಾರೆ. ಹದಿನಾಲ್ಕು ಶತಮಾನಗಳ ಕೆಳಗಿನ ಆ ಶಬ್ದವನ್ನು ಇಂದಿನ ನಮ್ಮ ಮೊಮ್ಮಗನೂ ಅರ್ಥ ಮಾಡಿಕೊಂಡದ್ದನ್ನು ಕಂಡು ನಮಗಾದ ಸಂತೋಷವು ಅಷ್ಟಿಷ್ಟಲ್ಲ. ಕೆರೆಯ ಈಶಾನ್ಯದ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡ ತ್ರಿಪದಿಯ ಅತ್ಯಂತ ಹಳೆಯ ಮಾದರಿಗಳಿವೆ. ೬೪೨ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ಊರನ್ನು ಗೆದ್ದು ತನ್ನ ಲೇಖವನ್ನೂ ಇಲ್ಲಿಯ ಬಂಡೆಯ ಮೇಲೆ ಬಿಟ್ಟು ಹೋಗಿದ್ದಾನೆ. ಗೆದ್ದವರದೂ ಸೋತವರದೂ ಒಂದೇ ಕಲ್ಲು.

ವಿದ್ಯೆಯು ಕಲ್ಲಿನಲ್ಲಿ ಮಾತ್ರ ಉಳಿದಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ೧೯೦೯ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಶಿವಯೋಗಮಂದಿರವು ಹತ್ತಿರದಲ್ಲಿದೆ. ಪುಷ್ಯ ಮಾಸದ ಹುಣ್ಣಿವೆಗೆ ಬನಶಂಕರಿಯ ಜಾತ್ರೆ ನೆರೆದಾಗ ನಾಟಕ ಕಂಪನಿಗಳು ಬಿಡಾರ ಹೂಡುತ್ತವೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗುವ ರೂಢಿಯಿನ್ನೂ ಅಳಿದಿಲ್ಲ. ಮುಪ್ಪಿನಲ್ಲಿ ಹೊತ್ತು ಹೋಗದೆಂಬ ಭಯ ಈ ಊರಿನಲ್ಲಿಲ್ಲ.

ಮೂರನೆಯದು ಅರಸ, ಎಂದರೆ ಇಂದಿನ ಕಾಯದೆ. ಹೊಸದಾಗಿ ಬರುವವರು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದ ಸ್ಥಳವಿದು. ಪ್ರಾಚೀನ ಸ್ಮಾರಕಗಳ ೧೯೫೮ರ ಕಾಯದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯ ಮೇರೆಗೆ, ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ಕನಿಷ್ಠ ೧೦೦ ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವದು ನಿಷಿದ್ಧ; ಅದರಾಚೆಯ ೨೦೦ ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ನಿಷಿದ್ಧ ಭಾಗದ ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಬಾದಾಮಿಯಲ್ಲಿ ಗುಡಿಗಳು ಕೆರೆಯ ಸುತ್ತ ಮಾತ್ರ ಇಲ್ಲ. ೬೯೯ರ ಜಂಬುಲಿಂಗನ ಗುಡಿಯು ಮನೆಗಳ ನಡುವೆಯೇ ನಿಂತಿದೆ. ಆದ್ದರಿಂದ ಹಳೆಯ ಊರಿನ ಎಷ್ಟೋ ಓಣಿಗಳು ಈ ಅಳತೆಯೊಳಗೆ ಬರುತ್ತವೆ.

ನಮಗೊಬ್ಬ ದಲಾಲಿಯು ಕೆರೆಯ ಸಮೀಪದ ಒಂದು ಮನೆಯನ್ನು ತೋರಿಸಿದನು. ಕ್ರಯವು ಸುಲಭ, ಮಾಳಿಗೆಯ ಮೇಲೆ ನಿಂತರೆ ಗುಡ್ಡವೂ ನೀರೂ ಒಟ್ಟಿಗೆ ಕಾಣುತ್ತಿದ್ದವು. ಹಿಂದಿನ ಗೋಡೆಯಲ್ಲಿ ಮೊಳದಷ್ಟು ಬಿರುಕು. "ಅದನ್ನೇನ್ರಿ, ಒಂದು ವಾರದಾಗ ಕಟ್ಟಿಸಿಕೊಳ್ಳಬಹುದು" ಎಂದನು. ನಾವು ಅಳತೆಯ ಮಾತೆತ್ತಿದೊಡನೆ ಆತನ ಉತ್ಸಾಹ ಇಳಿಯಿತು; ಅಷ್ಟರಿಂದಲೇ ನಮಗೆ ತಿಳಿಯಬೇಕಾದದ್ದು ತಿಳಿಯಿತು. ಕಾಯದೆಯನ್ನು ನಾವು ಹಳಿಯುವದಿಲ್ಲ. ಅದಿಲ್ಲದಿದ್ದರೆ ನೋಡಬಂದ ಗುಡಿಯೇ ನಾಳೆ ಕಾಣದಾದೀತು. ಆದರೆ ತಲೆಮಾರುಗಳಿಂದ ಅಲ್ಲಿಯೇ ಬಾಳಿದ ಬಡವರ ಮಾಳಿಗೆಯು ಮಳೆಗೆ ಕುಸಿದಾಗ ಅವರ ಸಂಕಟವೂ ಸಣ್ಣದಲ್ಲ. ಅವರದು ಅನಿವಾರ್ಯ, ತಿಳಿದೂ ತಿಳಿದೂ ಹೊಸಬರು ಆ ಇಕ್ಕಟ್ಟಿಗೆ ಕೊರಳು ಕೊಡಬಾರದು. ಮನೆ ಕೊಳ್ಳುವ ಮುನ್ನ ಪುರಸಭೆಯಲ್ಲಿಯೂ ಪುರಾತತ್ವ ಇಲಾಖೆಯಲ್ಲಿಯೂ ವಿಚಾರಿಸಿ, ಬರಹದಲ್ಲಿ ಉತ್ತರ ಪಡೆಯತಕ್ಕದ್ದು.

ನಾಲ್ಕನೆಯದು ನೀರು. ಅಗಸ್ತ್ಯರು ವಾತಾಪಿಯೆಂಬ ಅಸುರನನ್ನು ಜೀರ್ಣಿಸಿಕೊಂಡ ಕಥೆಯು ಭಾರತದ ವನಪರ್ವದಲ್ಲಿದೆ. ಕೂಸಿಗೆ ಹಾಲು ಕುಡಿಸಿ ಹೊಟ್ಟೆ ಸವರುವಾಗ ನಮ್ಮ ಅಜ್ಜಿಯರು ಹೇಳುವ ವಾತಾಪಿಯು ಇವನೇ. ಆ ಇಬ್ಬರ ಹೆಸರುಗಳನ್ನು ಊರೂ ತೀರ್ಥವೂ ಇಂದಿಗೂ ಹೊತ್ತಿವೆ. ಉತ್ತರ-ದಕ್ಷಿಣಗಳಲ್ಲಿ ಕೆಂಪು ಮರಳುಗಲ್ಲಿನ ಗುಡ್ಡಗಳು, ಪೂರ್ವದ ದಂಡೆಗೆ ಭೂತನಾಥನ ಗುಡಿಗಳು, ಪಶ್ಚಿಮಕ್ಕೆ ಕಟ್ಟಿದ ಒಡ್ಡು, ಒಡ್ಡಿನ ಕೆಳಗೆ ಊರು: ಅಗಸ್ತ್ಯತೀರ್ಥದ ರಚನೆಯಿದು. ಇದು ಮನುಷ್ಯರು ಕಟ್ಟಿದ ಕೆರೆ. ಗುಡ್ಡದ ಬಂಡೆಗಳ ಮೇಲೆ ಬಿದ್ದ ಮಳೆಯು ಸಂದುಗಳಿಂದ ಇಳಿದು ಇದನ್ನು ತುಂಬುತ್ತದೆ. ಮಳೆ ಹಿಡಿದಾಗ ಅಕ್ಕ-ತಂಗಿಯರ ದಿಡುಗು ಬಂಡೆಯ ಮೇಲಿಂದ ಧುಮುಕುವದನ್ನು ನೋಡಲು ನಾವೂ ಕೊಡೆ ಹಿಡಿದು ಹೋಗುತ್ತೇವೆ.

ಆದರೆ ನೋಡುವ ನೀರು ಬೇರೆ, ಕುಡಿಯುವ ನೀರು ಬೇರೆ. ಕೆರೆಯು ಅರಿವೆ ಒಗೆಯುವದಕ್ಕೂ ಕಣ್ಣಿನ ತಂಪಿಗೂ ಒದಗುವದೇ ಹೊರತು ಮನೆಯ ಕೊಡ ತುಂಬಲಾರದು. ನಮ್ಮ ಜಿಲ್ಲೆಯ ಸರಾಸರಿ ಮಳೆಯು ವರ್ಷಕ್ಕೆ ೬೦ ಸೆಂಟಿಮೀಟರನ್ನೂ ಮುಟ್ಟುವದಿಲ್ಲ. ಬಾಡಿಗೆಯ ಮನೆ ನೋಡಲು ಹೋದಾಗ ನಾವು ಕಿಟಕಿಯಿಂದ ಗುಡ್ಡದ ಬಣ್ಣವನ್ನು ವರ್ಣಿಸುತ್ತಿರಲು, ನಮ್ಮ ಮನೆಯವರು ಒಂದೇ ಮಾತು ಅಂದರು: "ಗುಡ್ಡಾ ಎಲ್ಲಿಗೂ ಹೋಗೂದಿಲ್ರಿ. ನಳಾ ಯಾವ ದಿನಾ ಬರ್ತದ, ಎಷ್ಟು ತಾಸು ಇರ್ತದ, ಅದನ್ನ ಮೊದಲ ಕೇಳ್ರಿ." ವಾಚಕರು ನಮ್ಮ ವರ್ಣನೆಯನ್ನು ಮರೆತರೂ ಈ ಮಾತನ್ನು ಮರೆಯಬಾರದು.

ನೀರಿನ ಸಾಮೀಪ್ಯವು ಯಾವಾಗಲೂ ಕ್ಷೇಮಕರವೆಂದೂ ತಿಳಿಯಬಾರದು. ಮಲಪ್ರಭೆಯು ಊರಿನಿಂದ ಕೆಲವು ಕಿಲೋಮೀಟರು ದೂರ ಹರಿಯುತ್ತದೆ. ೨೦೧೯ರ ಆಗಸ್ಟಿನಲ್ಲಿ ಅದು ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತು. ದಂಡೆಯ ಹಳ್ಳಿಗಳ ಜನ ಮನೆ ಬಿಟ್ಟು ಓಡಿದರು. ಹಿಮಾಲಯದ ನೈನಿತಾಲವು ಗುಡ್ಡ-ಕೆರೆಗಳ ಚೆಲುವಿಗೆ ಹೆಸರಾದ ಊರು. ೧೮೮೦ರ ಸೆಪ್ಟೆಂಬರದಲ್ಲಿ ಎಡೆಬಿಡದ ಮಳೆಗೆ ಅಲ್ಲಿಯ ಗುಡ್ಡ ಜರಿದು ೧೫೧ ಜನರು ಮಣ್ಣುಪಾಲಾದರು. ಬಾದಾಮಿಯ ಗಟ್ಟಿಬಂಡೆಗೂ ಅಲ್ಲಿಯ ಸಡಿಲ ಮಣ್ಣಿಗೂ ಅಂತರವುಂಟು. ಆದರೂ ಗುಡ್ಡದ ಬುಡಕ್ಕೆ ಆತುಕೊಂಡ ಮನೆಗಿಂತ, ಮಾರು ದೂರ ಸರಿದು ಗುಡ್ಡವನ್ನು ನೋಡುವ ಮನೆಯೇ ಲೇಸು.

ಐದನೆಯದು ವೈದ್ಯ. ಬೇಸಿಗೆಯಲ್ಲಿ ಉಷ್ಣಮಾನವು ೪೦ ಅಂಶವನ್ನು ಮುಟ್ಟುವ ದಿನಗಳು ಇಲ್ಲಿ ಸಾಮಾನ್ಯ. ಹಗಲೆಲ್ಲ ಕಾದ ಬಂಡೆಗಳು ರಾತ್ರಿ ಬಹಳ ಹೊತ್ತಿನವರೆಗೆ ಕಾವನ್ನು ಬಿಡುತ್ತಿರುತ್ತವೆ. ಗುಡ್ಡವೆಂದೊಡನೆ ತಂಪೆಂದು ಭಾವಿಸುವವರು ಇದನ್ನು ಅರಿತಿರಲಿ. ಮಂಗಗಳು ಒಣಹಾಕಿದ ಹಪ್ಪಳ-ಸಂಡಿಗೆಗಳಲ್ಲಿ ತಮ್ಮ ಪಾಲನ್ನು ಕೇಳದೆ ತೆಗೆದುಕೊಳ್ಳುತ್ತವೆ. ಗುಹೆಗಳ ಪಾವಟಿಗೆಗಳು ಮೊಣಕಾಲಿನ ನೋವಿದ್ದವರಿಗಲ್ಲ. ಊರಲ್ಲಿ ತಾಲೂಕಿನ ಆಸ್ಪತ್ರೆಯಿದೆ. ದೊಡ್ಡ ಬೇನೆಗೆ ಬಾಗಲಕೋಟೆಗೆ ಹೋಗಬೇಕು. ರೇಲ್ವೆ ಸ್ಟೇಶನ್ನು ಊರಿನಿಂದ ಸುಮಾರು ೫ ಕಿಲೋಮೀಟರು ದೂರದಲ್ಲಿದೆ.

ಬಂದ ಮೊದಲ ವರ್ಷದ ಮಾಘಮಾಸದ ಒಂದು ನಡುರಾತ್ರಿಯಲ್ಲಿ ನಮ್ಮ ಮನೆಯವರಿಗೆ ಉಸಿರು ಸಿಕ್ಕಿತು. ಮಕ್ಕಳಲ್ಲಿ ಒಬ್ಬನು ಪುಣೆಯಲ್ಲಿ, ಒಬ್ಬಳು ಬೆಂಗಳೂರಿನಲ್ಲಿ, ತಮ್ಮನು ಹುನ್ನೂರಿನಲ್ಲಿ. ಹುನ್ನೂರಿನಲ್ಲಿದ್ದರೆ ಒಂದು ಕೂಗಿಗೆ ಓಣಿಯೇ ಎದ್ದು ಬರುತ್ತಿತ್ತು. ಇಲ್ಲಿ ಯಾರನ್ನು ಕೂಗುವದು? ಎದುರುಮನೆಯ ಆಟೋ ಓಡಿಸುವ ತರುಣನ ಕದ ಬಡಿದೆವು. ಆತನು ಮರುಮಾತಾಡದೆ ಗಾಡಿ ಹೊರತೆಗೆದನು. ಆತನ ತಾಯಿಯು ನಮ್ಮ ಮನೆಯವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಲಕೋಟೆಯವರೆಗೂ ಬಂದರು. ನಾಲ್ಕು ದಿನಗಳ ಮೇಲೆ ಗುಣವಾಯಿತು. ಆ ತಾಯಿಗೆ ನಮ್ಮ ಪರಿಚಯವಾದದ್ದು ಶ್ರಾವಣದಲ್ಲಿ, ಅವರ ಮೊಮ್ಮಗಳಿಗೆ ನಾವು ಸಂಜೆ ಪಾಠ ಹೇಳತೊಡಗಿದಾಗ.

ಆ ರಾತ್ರಿಯ ತರುವಾಯ ನೀತಿಶಾಸ್ತ್ರಕಾರನ ಪಟ್ಟಿಗೆ ನಾವು ಆರನೆಯದೊಂದನ್ನು ಕೂಡಿಸಿಕೊಂಡಿದ್ದೇವೆ: ನೆರೆಯವನು. ಹುಟ್ಟಿದ ಊರಿನಲ್ಲಿ ನೆರೆಯು ತಾನಾಗಿ ಬಂದ ಆಸ್ತಿ. ಹೊಸ ಊರಿನಲ್ಲಿ ಅದನ್ನು ನಾವೇ ಗಳಿಸಬೇಕು. ಗಳಿಸುವದಕ್ಕೆ ಹಣ ಸಾಲದು, ಕಾಲ ಬೇಕು, ಕಾಲಿನಲ್ಲಿ ಬಲವೂ ಬೇಕು. ಪರರ ಮನೆಯ ತೊಟ್ಟಿಲಿಗೂ ಸೂತಕಕ್ಕೂ ನಡೆದು ಹೋಗುವ ಶಕ್ತಿಯಿರುವಾಗಲೇ ಊರು ಬದಲಿಸತಕ್ಕದ್ದು. ಹಾಸಿಗೆ ಹಿಡಿಯುವ ಕಾಲಕ್ಕೆ ಚೆಲುವಾದ ಊರಿಗೆ ಹೋಗುತ್ತೇವೆನ್ನುವವರಿಗೆ ನಮ್ಮ ಉತ್ತರ, ಬೇಡವೆಂಬದೇ.

ಇನ್ನು ಪ್ರಶ್ನೆ ಕೇಳಿದವರಿಗೆ ನಮ್ಮ ಸಲಹೆಯಿಷ್ಟು. ಬೆಟ್ಟ-ಕೆರೆಗಳ ಹಂಬಲ ಮಾತ್ರವಿದ್ದರೆ, ಹುನ್ನೂರಿನವರಿಗೆ ಜಮಖಂಡಿಯೇ ಸಾಕು. ಗುರುದೇವ ರಾನಡೆಯವರು ೧೮೮೬ರಲ್ಲಿ ಹುಟ್ಟಿದ ಆ ಊರಿನಲ್ಲಿಯೂ ರಾಮತೀರ್ಥದ ಗುಡ್ಡವಿದೆ, ಸಂಜೆ ಹೋಗಿ ರಾತ್ರಿಯ ಊಟಕ್ಕೆ ಮನೆಗೆ ಬರಬಹುದು. ಬಾದಾಮಿಗೇ ಬರುವದಿದ್ದರೆ ಮೊದಲು ಬಾಡಿಗೆಗಿರಿ. ಒಂದು ಪೂರ್ಣ ವರ್ಷ, ಮುಖ್ಯವಾಗಿ ಒಂದು ಪೂರ್ಣ ಬೇಸಿಗೆ ಕಳೆಯಿರಿ. ಊರಿನ ಮನೆಯನ್ನು ಮಾರಬೇಡಿರಿ, ಕೀಲಿ ಹಾಕಿಯೂ ಇಡಬೇಡಿರಿ, ಯಾಕಂದರೆ ಮಣ್ಣಿನ ಮಾಳಿಗೆಯು ಮನುಷ್ಯರ ಉಸಿರಾಟದಿಂದಲೇ ಬಾಳುತ್ತದೆ, ಯಾರನ್ನಾದರೂ ಇರಿಸಿರಿ. ದಂಪತಿಗಳಿಬ್ಬರೂ ಒಪ್ಪಿದ ಹೊರತು ಹೊರಡಬೇಡಿರಿ. ಗುಡ್ಡವನ್ನು ನೋಡುತ್ತ ಕೂಡ್ರುವವರು ಒಬ್ಬರು, ನೀರು ತುಂಬುವವರು ಇನ್ನೊಬ್ಬರಾದರೆ ಅಂಥ ವಾಸದಲ್ಲಿ ನ್ಯಾಯವಿಲ್ಲ.

ಇಷ್ಟೆಲ್ಲ ವಿಚಾರಿಸಿಯೂ ಮನಸ್ಸು ಹಿಂದೆಗೆಯದಿದ್ದರೆ, ಅವಶ್ಯವಾಗಿ ಬರಬೇಕು. ಹುನ್ನೂರಿನಿಂದ ಮುಧೋಳ, ಲೋಕಾಪುರ, ಕೆರೂರಿನ ಮೇಲಿಂದ ಬಂದರೆ ಅರ್ಧ ದಿನವೂ ಹಿಡಿಯದು. ಮನೆ ಹುಡುಕುವ ನಾಲ್ಕು ದಿನ ನಮ್ಮಲ್ಲಿಯೇ ಇಳಿಯಬಹುದು. ನಳದ ದಿನವನ್ನು ನೋಡಿಕೊಂಡು ಬಂದರೆ ಮತ್ತೂ ಒಳಿತು.