ಡೇಟಾ ಸೈನ್ಸ್‌ಗೆ ಕೋಡಿಂಗ್: ಮೊದಲ ಹೆಜ್ಜೆ ಯಾವುದು?

ಡೇಟಾ ಸೈನ್ಸ್ ಕಲೀಬೇಕು, ಆದ್ರೆ ಕೋಡಿಂಗ್ ಅಂದ್ರೆ ಭಯನಾ? ಶುರು ಮಾಡೋಕೆ ಇಡೀ ಪೈಥಾನ್ ಭಾಷೆ ಬೇಕಿಲ್ಲ. ವೇರಿಯಬಲ್, ಲಿಸ್ಟ್, ಲೂಪ್, ಫಂಕ್ಷನ್, ಇಷ್ಟು ಸಾಕು. ಏನೂ ಇನ್‌ಸ್ಟಾಲ್ ಮಾಡೋದೂ ಬೇಡ. ಬ್ರೌಸರ್‌ನಲ್ಲೇ ಗೂಗಲ್ ಕೊಲ್ಯಾಬ್ ಓಪನ್ ಮಾಡಿ, ಫ್ರೀ.

ಈಗ ಒಂದು ತಮಾಷೆ ನೋಡಿ.

(ಪರದೆಯಲ್ಲಿ: 20 + 30)

ಉತ್ತರ 50. ಅದೇ ಅಂಕಿಗಳನ್ನ ಕೋಟ್ಸ್ ಒಳಗೆ ಹಾಕಿ ಕೂಡಿಸಿ.

(ಪರದೆಯಲ್ಲಿ: "20" + "30")

ಉತ್ತರ 2030! ಕೋಟ್ಸ್ ಒಳಗಿರೋದು ಪೈಥಾನ್‌ಗೆ ಸಂಖ್ಯೆ ಅಲ್ಲ, ಅಕ್ಷರ. ಅದು ಕೂಡಿಸಲ್ಲ, ಪಕ್ಕಪಕ್ಕ ಅಂಟಿಸುತ್ತೆ.

ನಿಜವಾದ ಫೈಲ್‌ನಲ್ಲೂ ಇದೇ ತಲೆನೋವು. ಟೊಮೆಟೊ ದರದ ಸಿಎಸ್‌ವಿ ಫೈಲ್ ಇದೆ ಅಂದ್ಕೊಳ್ಳಿ: 20, 30, 40. ನಾಲ್ಕನೇ ದಿನ ಮಂಡಿಗೆ ರಜೆ, ದರದ ಜಾಗದಲ್ಲಿ ಯಾರೋ 'ರಜೆ' ಅಂತ ಟೈಪ್ ಮಾಡಿದ್ದಾರೆ. ಅದೊಂದೇ ಪದ ಸಾಕು, ಪೈಥಾನ್‌ನಲ್ಲಿ ಇಂಥ ಫೈಲ್ ಓದೋ ಲೈಬ್ರರಿ ಪಾಂಡಾಸ್ ಇಡೀ ಕಾಲಂನ ಸಂಖ್ಯೆ ಅಂತ ಓದಲ್ಲ. ಸರಾಸರಿ ಕೇಳಿದ್ರೆ ಎರರ್!

ಪರಿಹಾರ? ಪಾಂಡಾಸ್‌ನ ಟು-ನ್ಯೂಮೆರಿಕ್ ಫಂಕ್ಷನ್‌ನಲ್ಲಿ 'ಎರರ್ಸ್' ಅನ್ನೋ ಕಡೆ 'ಕೋಅರ್ಸ್' ಅಂತ ಕೊಡಿ. ದರಗಳೆಲ್ಲ ಸಂಖ್ಯೆ ಆಗುತ್ತೆ, 'ರಜೆ' ಇದ್ದ ಜಾಗ ಖಾಲಿ ಆಗುತ್ತೆ.

ಹುಷಾರ್, ಆ ಖಾಲಿ ಜಾಗಕ್ಕೆ ಸೊನ್ನೆ ತುಂಬಬೇಡಿ. ಖಾಲಿ ಬಿಟ್ರೆ ಸರಾಸರಿ 30. ಸೊನ್ನೆ ಹಾಕಿದ್ರೆ 22.5. ಅವತ್ತು ಟೊಮೆಟೊ ಪುಕ್ಕಟೆ ಹೋಗಿಲ್ಲ, ವ್ಯಾಪಾರವೇ ಆಗಿಲ್ಲ!

ಎರರ್ ಬಂದ್ರೆ ಗಾಬರಿ ಬೇಡ, ಮೊದಲು ಅದರ ಕೊನೇ ಸಾಲು ಓದಿ. ಫೈಲ್ ತೆರೆದ ತಕ್ಷಣ 'ಡಿಟೈಪ್ಸ್', ಅಂದ್ರೆ ಯಾವ ಕಾಲಂ ಸಂಖ್ಯೆ, ಯಾವುದು ಅಕ್ಷರ ಅಂತ ನೋಡೋ ಅಭ್ಯಾಸ ಮಾಡ್ಕೊಳ್ಳಿ. ಲೆಕ್ಕ ಆಮೇಲೆ.